ಕೀಮೋ ರಕ್ತಹೀನತೆಯ ಚಾರ್ಟ್ ಮರಳಿ ಬಂದಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಆಂಕಾಲಜಿ (ಕ್ಯಾನ್ಸರ್ ವಿಭಾಗ) ಚಾರ್ಟ್‌ಗಳಿಗೆ, ಅಂದರೆ ರೋಗಿಗಳ ದಾಖಲೆಗಳಿಗೆ, ಬಿಲ್ಲಿಗೆ ಬೇಕಾದ ಕೋಡ್ ಹಾಕುವವರಿಗೆ ಡಿ64.81 ಹೊಸದೇನಲ್ಲ. ಕ್ಯಾನ್ಸರ್ ಕೀಮೋಥೆರಪಿಯಿಂದ ಬಂದ ರಕ್ತಹೀನತೆಗೆ ಅಮೆರಿಕದ ಕಾಯಿಲೆ-ಕೋಡ್‌ಗಳ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿರುವ ಕೋಡ್ ಅದು. ಇದೇ ಅರ್ಥದ 285.3 ಹಳೆಯ ಐಸಿಡಿ-9-ಸಿಎಂಗೆ ಸೇರಿದ್ದು 2009ರ ಅಕ್ಟೋಬರ್ 1ರಂದು. 2015ರ ಅಕ್ಟೋಬರ್ 1ರಿಂದ ಅದರ ಜಾಗಕ್ಕೆ ಡಿ64.81 ಬಂತು. ಕೋಡ್ ಹಳೆಯದಾದರೂ ಈ ಚಾರ್ಟ್‌ಗಳು ಪದೇ ಪದೇ ಮರಳಿ ಬರುತ್ತವೆ. ಕೆಲವು, ಕ್ಲೇಮ್ (ವಿಮಾ ಹಣ ಕೋರುವ ಬಿಲ್) ತಪಾಸಿಸಿ ಮುಂದೆ ಕಳಿಸುವ ಮಧ್ಯವರ್ತಿಯಾದ ಕ್ಲಿಯರಿಂಗ್‌ಹೌಸ್‌ನಲ್ಲೇ ರಿಜೆಕ್ಟ್ ಆಗುತ್ತವೆ, ಕೆಲವನ್ನು ಪೇಯರ್ (ಹಣ ಕೊಡಬೇಕಾದ ವಿಮಾ ಸಂಸ್ಥೆ) ಡಿನೈ ಮಾಡುತ್ತಾರೆ, ಇನ್ನು ಕೆಲವು ಹಣ ಬಂದ ಮೇಲೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತವೆ.

ಮರಳಿ ಬಂದ ಚಾರ್ಟ್ ಕೈಗೆ ಬಂದ ತಕ್ಷಣ ಕೋಡ್‌ಗಳ ಕ್ರಮ ಬದಲಿಸಿ ಮತ್ತೆ ಕಳಿಸುವ ಅಭ್ಯಾಸ ಬಿಡಬೇಕು. ಈ ಚಾರ್ಟ್‌ಗಳಲ್ಲಿ ಮೂಲ ತಪ್ಪು ಸಾಮಾನ್ಯವಾಗಿ ಕ್ಲೇಮ್‌ನಲ್ಲಿರುವುದಿಲ್ಲ, ಡಾಕ್ಟರ ನೋಟ್‌ನಲ್ಲಿ ಬರೆಯದೆ ಬಿಟ್ಟ ಒಂದು ವಾಕ್ಯದಲ್ಲಿರುತ್ತದೆ. ರಕ್ತಹೀನತೆ ಇದೆ, ಕೀಮೋ ನಡೆಯುತ್ತಿದೆ, ಆದರೆ ಒಂದರಿಂದ ಇನ್ನೊಂದು ಬಂತು ಎಂದು ಯಾರೂ ಬರೆದಿರುವುದಿಲ್ಲ. ಹಾಗಾಗಿ ಹುಡುಕಾಟ ನೋಟ್‌ನಿಂದ ಶುರುವಾಗಿ ಕ್ಲೇಮ್‌ನಲ್ಲಿ ಮುಗಿಯಬೇಕು. ಕೆಳಗಿನ ಕ್ರಮ ಆ ಲೆಕ್ಕದಲ್ಲೇ ಇದೆ.

ಮೊದಲ ತಪಾಸಣೆ: ರಕ್ತಹೀನತೆ ಎಂದು ಡಾಕ್ಟರು ಬರೆದಿದ್ದಾರೆಯೇ?

ಲ್ಯಾಬ್ ವರದಿಯಲ್ಲಿ ಹಿಮೋಗ್ಲೋಬಿನ್ 8.2 ಎಂದಿದ್ದರೆ ಅದು ಅಂಕಿ ಮಾತ್ರ, ಡಯಾಗ್ನೋಸಿಸ್ ಅಲ್ಲ. ಗಂಡಸರಲ್ಲಿ 13, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆಯಾದರೆ ರಕ್ತಹೀನತೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ನಮಗೆ ಗೊತ್ತಿದ್ದರೂ, ಆ ಅಂಕಿಯನ್ನು ನೋಡಿ ಕೋಡರ್ ರಕ್ತಹೀನತೆ ಎಂದು ತೀರ್ಮಾನಿಸುವಂತಿಲ್ಲ. ಇನ್‌ಪೇಷಂಟ್ ಚಾರ್ಟ್‌ನಲ್ಲಿ ಅಸಹಜ ಲ್ಯಾಬ್ ಫಲಿತಾಂಶದ ಮಹತ್ವವನ್ನು ಪ್ರೊವೈಡರ್ ಹೇಳದಿದ್ದರೆ ಅದನ್ನು ಕೋಡ್ ಮಾಡಬಾರದು ಎಂದು ಐಸಿಡಿ-10-ಸಿಎಂ ಕೋಡಿಂಗ್‌ನ ಅಧಿಕೃತ ಮಾರ್ಗಸೂಚಿಯ 3ನೇ ಭಾಗ ನೇರವಾಗಿ ಹೇಳುತ್ತದೆ. ಅದೇ ಮಾರ್ಗಸೂಚಿ ಇನ್ನೊಂದು ದಾರಿಯನ್ನೂ ತೋರಿಸುತ್ತದೆ: ಫಲಿತಾಂಶ ಅಸಹಜವಾಗಿದ್ದು, ಡಾಕ್ಟರು ಅದಕ್ಕೆ ಬೇರೆ ಪರೀಕ್ಷೆ ಅಥವಾ ಚಿಕಿತ್ಸೆ ಬರೆದಿದ್ದರೆ ಅವರನ್ನು ಕೇಳಬಹುದು.

ಇಲ್ಲಿ ಸಿಗುವ ತಪ್ಪುಗಳು ಮೂರು ಬಗೆಯವು. ನೋಟ್‌ನಲ್ಲಿ ಹಿಮೋಗ್ಲೋಬಿನ್ ಪಕ್ಕದಲ್ಲಿ ಕೆಳಮುಖ ಬಾಣದ ಗುರುತು ಮಾತ್ರ ಇರುತ್ತದೆ. ಇಲ್ಲವೇ ‘ಮೈಲೋಸಪ್ರೆಶನ್’ (ಮೂಳೆಮಜ್ಜೆಯ ಕೆಲಸ ಕುಗ್ಗುವುದು) ಎಂಬ ಒಂದೇ ಪದ ಇರುತ್ತದೆ. ಯಾವ ರಕ್ತಕಣ ಕಡಿಮೆಯಾಗಿದೆ ಎಂದು ಅದರಿಂದ ತಿಳಿಯುವುದಿಲ್ಲ. ಅಥವಾ ರಕ್ತ ಕೊಡಲು ಆರ್ಡರ್ ಇರುತ್ತದೆ, ಆ ಆರ್ಡರ್‌ನಲ್ಲಿ ಕಾರಣ ಎಂದು ‘ಎಚ್‌ಬಿ 8ಕ್ಕಿಂತ ಕಡಿಮೆ’ ಎಂದಷ್ಟೇ ಬರೆದಿರುತ್ತದೆ. ನರ್ಸ್ ನೋಟ್‌ನಲ್ಲಿ ‘ಕೀಮೋ ಅನೀಮಿಯಾ’ ಎಂದಿದ್ದರೂ ಉಪಯೋಗವಿಲ್ಲ. ಡಯಾಗ್ನೋಸಿಸ್ ಹೇಳಬೇಕಾದವರು ಆ ರೋಗಿಯ ಚಿಕಿತ್ಸೆಗೆ ಹೊಣೆ ಹೊತ್ತ ಪ್ರೊವೈಡರ್. ಮೂರರಲ್ಲಿ ಯಾವುದು ಕಂಡರೂ ಕೋಡ್ ಹುಡುಕುವುದನ್ನು ಅಲ್ಲಿಗೆ ನಿಲ್ಲಿಸಿ ಕ್ವೆರಿ, ಅಂದರೆ ಡಾಕ್ಟರಿಗೆ ಲಿಖಿತ ಪ್ರಶ್ನೆ, ಬರೆಯಿರಿ.

ಔಟ್‌ಪೇಷಂಟ್ ಚಾರ್ಟ್‌ನಲ್ಲಿ ಇನ್ನೊಂದು ಅಡ್ಡಿ ಇದೆ. ‘ಬಹುಶಃ ಕೀಮೋದಿಂದ’, ‘ಕೀಮೋ ಕಾರಣವಿರಬಹುದು’ ಎಂಬ ಅನುಮಾನದ ಮಾತುಗಳನ್ನು ಅಲ್ಲಿ ಖಚಿತವಾದ ಡಯಾಗ್ನೋಸಿಸ್ ಎಂದು ಕೋಡ್ ಮಾಡುವಂತಿಲ್ಲ. ಇನ್‌ಪೇಷಂಟ್ ಆಗಿದ್ದು, ಡಿಸ್ಚಾರ್ಜ್ ಹೊತ್ತಿಗೂ ಆ ಅನುಮಾನ ಹಾಗೆಯೇ ದಾಖಲಾಗಿದ್ದರೆ ಮಾಡಬಹುದು. ಇನ್ಫ್ಯೂಷನ್ ಸೆಂಟರ್ ಔಟ್‌ಪೇಷಂಟ್ ವಿಭಾಗ ಎಂಬುದನ್ನು ಇನ್‌ಪೇಷಂಟ್ ತಂಡದಿಂದ ಹೊಸದಾಗಿ ಬಂದ ಕೋಡರ್ ಮರೆಯುವುದುಂಟು.

ಎರಡನೆಯ ತಪಾಸಣೆ: ಕಾರಣ ಯಾವುದು?

ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ಕ್ಯಾನ್ಸರ್ ರೋಗಿಯ ರಕ್ತಹೀನತೆಗೆ ಒಂದೇ ಕಾರಣ ಇರುವುದು ಅಪರೂಪ. ಗೆಡ್ಡೆಯಿಂದ ರಕ್ತ ಸೋರುತ್ತಿರಬಹುದು, ಮೂಳೆಮಜ್ಜೆಗೆ ಕ್ಯಾನ್ಸರ್ ಹರಡಿರಬಹುದು, ಮೂತ್ರಪಿಂಡ ಸೋತಿರಬಹುದು, ಕಬ್ಬಿಣಾಂಶ ಮುಗಿದಿರಬಹುದು. ಒಂದೊಂದಕ್ಕೂ ಒಂದೊಂದು ಕೋಡ್ ಇದೆ, ಅವನ್ನು ಒಟ್ಟಿಗೆ ಹಾಕಲು ಒಂದೊಂದು ನಿಯಮ ಇದೆ.

ಡಿ64.81: ಕೀಮೋಥೆರಪಿಯಿಂದ ಬಂದ ರಕ್ತಹೀನತೆ. ಡಿ63.0: ಕ್ಯಾನ್ಸರ್ ಕಾಯಿಲೆಯಿಂದಲೇ ಬಂದ ರಕ್ತಹೀನತೆ. ಇವೆರಡರ ನಡುವೆ ಇರುವುದು ಎಕ್ಸ್‌ಕ್ಲೂಡ್ಸ್2 ಟಿಪ್ಪಣಿ. ಅಂದರೆ ಎರಡೂ ಕಾರಣಗಳು ದಾಖಲಾಗಿದ್ದರೆ ಎರಡನ್ನೂ ಹಾಕಬಹುದು. ಒಂದು ಹಾಕಿದರೆ ಇನ್ನೊಂದನ್ನು ತೆಗೆಯಲೇಬೇಕು ಎಂಬ ನಂಬಿಕೆ ತಪ್ಪು. ಎರಡನ್ನು ಒಟ್ಟಿಗೆ ಹಾಕಬಾರದೆನ್ನುವ ಎಕ್ಸ್‌ಕ್ಲೂಡ್ಸ್1ರ ನಿಯಮವನ್ನು ಇಲ್ಲಿಗೂ ಎಳೆದು ತಂದಿದ್ದರಿಂದ ಆಗಿರುವ ಗೊಂದಲ ಅದು. ಎಕ್ಸ್‌ಕ್ಲೂಡ್ಸ್1 ಇರುವುದು ಡಿ61.1ರ ಜೊತೆ. ಔಷಧದಿಂದ ಬಂದ ಅಪ್ಲಾಸ್ಟಿಕ್ ಅನೀಮಿಯಾದ (ಮಜ್ಜೆ ರಕ್ತಕಣ ಮಾಡುವುದನ್ನೇ ಬಹುಮಟ್ಟಿಗೆ ನಿಲ್ಲಿಸುವ ಸ್ಥಿತಿಯ) ಕೋಡ್ ಅದು. ಅದನ್ನು ಹಾಕಿದಾಗ ಅದೇ ಕಾಯಿಲೆಗೆ ಡಿ64.81 ಹಾಕಬಾರದು. ಆದರೆ ‘ಅಪ್ಲಾಸ್ಟಿಕ್’ ಎಂಬ ಮಾತು ಡಾಕ್ಟರ ಬಾಯಿಂದಲೇ ಬರಬೇಕು. ಹಿಮೋಗ್ಲೋಬಿನ್ ತೀರಾ ಕೆಳಗಿದೆ ಎಂಬ ಕಾರಣಕ್ಕೆ ಅದು ಅಪ್ಲಾಸ್ಟಿಕ್ ಆಗುವುದಿಲ್ಲ.

ಪ್ಯಾನ್ಸೈಟೋಪೀನಿಯಾ ಇನ್ನೊಂದು ಕವಲು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕೆಳಗಿಳಿದಿವೆ, ಇದು ಕೀಮೋದಿಂದ ಬಂದ ಪ್ಯಾನ್ಸೈಟೋಪೀನಿಯಾ ಎಂದು ಡಾಕ್ಟರು ಬರೆದಿದ್ದರೆ ಕೋಡ್ ಡಿ61.810. ಆಗ ಅದರ ಜೊತೆಗೆ ಡಿ64.81, ಡಿ69.59 (ಪ್ಲೇಟ್‌ಲೆಟ್ ಕೊರತೆ) ಎಂದು ಬಿಡಿ ಭಾಗಗಳನ್ನು ಸಾಲಾಗಿ ಹಾಕಬೇಡಿ. ಮೂರರಲ್ಲಿ ಎರಡು ಮಾತ್ರ ಕೆಳಗಿದ್ದರೆ ಅದು ಪ್ಯಾನ್ಸೈಟೋಪೀನಿಯಾ ಅಲ್ಲ. ಡಾಕ್ಟರು ಬರೆದಂತೆ ಬಿಡಿಬಿಡಿಯಾಗಿಯೇ ಕೋಡ್ ಮಾಡಿ. ಮೂರೂ ಕೆಳಗಿದ್ದು ಆ ಪದವೇ ನೋಟ್‌ನಲ್ಲಿ ಇಲ್ಲದಿದ್ದರೆ ಕೇಳಿ, ನೀವೇ ಕೂಡಿಸಬೇಡಿ. ಇನ್‌ಪೇಷಂಟ್ ಹಣದ ಲೆಕ್ಕದಲ್ಲಿ ಡಿ61.810ರ ತೂಕ ಡಿ64.81ಕ್ಕಿಂತ ಹೆಚ್ಚು, ಆದ್ದರಿಂದ ಆಡಿಟರ್ ಮೊದಲು ತೆರೆದು ನೋಡುವ ಕೋಡ್‌ಗಳಲ್ಲಿ ಅದೂ ಒಂದು. ಆಧಾರ ಗಟ್ಟಿಯಾಗಿರಲಿ.

ಉಳಿದ ಕಾರಣಗಳ ಕೋಡ್‌ಗಳು ಕೈಯಳತೆಯಲ್ಲಿರಬೇಕು: ಒಮ್ಮೆಲೇ ರಕ್ತ ಹೋಗಿದ್ದರೆ ಡಿ62, ದೀರ್ಘಕಾಲ ಸೋರಿ ಕಬ್ಬಿಣಾಂಶ ಮುಗಿದಿದ್ದರೆ ಡಿ50.0, ಮೂತ್ರಪಿಂಡದ ದೀರ್ಘ ಕಾಯಿಲೆಯಿಂದಾದರೆ ಡಿ63.1 ಮತ್ತು ಅದಕ್ಕಿಂತ ಮೊದಲು ಎನ್18 ವರ್ಗದ ಕೋಡ್, ಔಷಧದಿಂದ ಫೋಲೇಟ್ ಕೊರತೆಯಾಗಿ ಬಂದಿದ್ದರೆ ಡಿ52.1.

ನೋಟ್ ಸ್ಪಷ್ಟವಾಗಿಲ್ಲದಿದ್ದಾಗ ಯಾವ ಸುಳಿವು ನೋಡಬೇಕು? ಡಯಾಗ್ನೋಸಿಸ್ ಮಾಡಲು ಅಲ್ಲ, ಸರಿಯಾದ ಪ್ರಶ್ನೆ ಕೇಳಲು ಇವು ಬೇಕು.

ಕೀಮೋ ಶುರುವಾಗುವ ಮೊದಲಿನ ಹಿಮೋಗ್ಲೋಬಿನ್ ಎಷ್ಟಿತ್ತು ಎಂಬುದು ಎಲ್ಲಕ್ಕಿಂತ ದೊಡ್ಡ ಸುಳಿವು. ಮೊದಲ ಸೈಕಲ್‌ಗೂ ಮುಂಚೆಯೇ 9.5 ಇದ್ದವರಲ್ಲಿ ಕೀಮೋ ಒಂದನ್ನೇ ಕಾರಣವೆನ್ನಲು ಆಗುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮಜ್ಜೆ ಹೊಸ ಕಣ ಮಾಡುವುದನ್ನು ಕಡಿಮೆ ಮಾಡಿದರೂ ಹಳೆಯವು ಇನ್ನೂ ಓಡಾಡುತ್ತಿರುತ್ತವೆ. ಹೀಗಾಗಿ ಬಿಳಿ ಕಣ ಒಂದೆರಡು ವಾರದಲ್ಲೇ ಕುಸಿದರೆ, ಹಿಮೋಗ್ಲೋಬಿನ್ ಸೈಕಲ್‌ನಿಂದ ಸೈಕಲ್‌ಗೆ ಮೆಟ್ಟಿಲು ಇಳಿದಂತೆ ಇಳಿಯುತ್ತದೆ. ಮೂರು ದಿನದಲ್ಲಿ ಹಿಮೋಗ್ಲೋಬಿನ್ 3 ಗ್ರಾಂ ಬಿದ್ದಿದ್ದರೆ ರಕ್ತಸ್ರಾವದ ಉಲ್ಲೇಖ, ಮಲದ ಬಣ್ಣ, ಶಸ್ತ್ರಚಿಕಿತ್ಸೆಯ ದಿನಾಂಕ ಹುಡುಕಿ. ಹೆಚ್ಚು ಸಲೈನ್ ಹೋದ ದಿನವೇ ರಕ್ತ ತೆಗೆದಿದ್ದರೆ ಅಂಕಿ ತೆಳುವಾಗಿ ಕಾಣುವುದೂ ಉಂಟು.

ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 80ಕ್ಕಿಂತ ಕಡಿಮೆ, ಫೆರಿಟಿನ್ (ದೇಹದ ಕಬ್ಬಿಣ ಸಂಗ್ರಹದ ಅಳತೆ) ಕೆಳಗೆ ಎಂದಿದ್ದರೆ ಕಬ್ಬಿಣಾಂಶದ ಕೊರತೆಯ ಕಡೆ ನೋಡಬೇಕು. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಇದು ಸಾಮಾನ್ಯ. ಆದರೆ ಕ್ಯಾನ್ಸರ್, ಉರಿಯೂತ ಇರುವಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ಹಾಗಾಗಿ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಬಳಕೆಗೆ ಸಿಗುವ ಕಬ್ಬಿಣದ ಅಳತೆ) ಅಂಕಿಯನ್ನೂ ಕ್ವೆರಿಯಲ್ಲಿ ಸೇರಿಸಿ. ಎಂಸಿವಿ 100 ದಾಟಿದ್ದರೆ ಬಿ12, ಫೋಲೇಟ್ ಪರೀಕ್ಷೆ ಆಗಿದೆಯೇ ನೋಡಿ. ಕ್ಯಾಪೆಸಿಟಾಬಿನ್, ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಲ್ಲಿ ಔಷಧದಿಂದಲೇ ಎಂಸಿವಿ ಏರುತ್ತದೆ. ಸಿಸ್‌ಪ್ಲಾಟಿನ್ ಪಡೆದವರಲ್ಲಿ ಕ್ರಿಯಾಟಿನಿನ್ ನೋಡಲೇಬೇಕು. ಅದು ಮಜ್ಜೆಯನ್ನಷ್ಟೇ ಅಲ್ಲ, ಕೆಂಪು ಕಣ ತಯಾರಿಕೆಯನ್ನು ಪ್ರಚೋದಿಸುವ ಎರಿಥ್ರೊಪೊಯಿಟಿನ್ ಹಾರ್ಮೋನನ್ನು ತಯಾರಿಸುವ ಮೂತ್ರಪಿಂಡವನ್ನೂ ಬಾಧಿಸುತ್ತದೆ.

ಕ್ಯಾನ್ಸರ್ ಜೊತೆ ರಕ್ತಹೀನತೆ ಕಂಡ ತಕ್ಷಣ ಡಿ63.0 ಹಾಕಿಬಿಡುವವರು ಇದ್ದಾರೆ. ಕೋಡ್ ಪುಸ್ತಕದ ಸೂಚಿಯಲ್ಲಿ ‘ಜೊತೆಗೆ’ ಎಂಬ ಪದದಡಿ ಬರುವ ಕಾಯಿಲೆಗಳನ್ನು ಪರಸ್ಪರ ಸಂಬಂಧಿಸಿದವು ಎಂದು ಭಾವಿಸಬಹುದು ಎಂಬ ನಿಯಮವನ್ನು ಅವರು ಆಧಾರವಾಗಿ ಕೊಡುತ್ತಾರೆ. ಕೀಮೋ ನಡೆಯುತ್ತಿರುವ ರೋಗಿಯ ಚಾರ್ಟ್‌ನಲ್ಲಿ ಆ ಆಧಾರ ಸಾಲದು. ಅಲ್ಲಿ ಕಾರಣವಾಗಬಲ್ಲವು ಎರಡಿವೆ, ಯಾವುದೆಂದು ಡಾಕ್ಟರಿಗಲ್ಲದೆ ಬೇರೆ ಯಾರಿಗೂ ಹೇಳಲಾಗದು. ಕೇಳಿ.

ಕ್ವೆರಿ ಹೇಗಿರಬೇಕು

ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟ ಕ್ವೆರಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ‘ಇದು ಕೀಮೋದಿಂದ ಬಂದ ರಕ್ತಹೀನತೆ ತಾನೇ, ದಯವಿಟ್ಟು ದಾಖಲಿಸಿ’ ಎಂದು ಬರೆದರೆ ಅದು ಅಂಥ ಕ್ವೆರಿಯೇ. ಅಮೆರಿಕದ ವೈದ್ಯಕೀಯ ದಾಖಲೆ ವೃತ್ತಿಪರರ ಅಹಿಮಾ ಮತ್ತು ಎಸಿಡಿಐಎಸ್ ಸಂಸ್ಥೆಗಳು 2022ರಲ್ಲಿ ಪರಿಷ್ಕರಿಸಿದ ಕ್ವೆರಿ ಮಾರ್ಗದರ್ಶಿಯ ತಿರುಳೂ ಇದೇ: ಚಾರ್ಟ್‌ನಲ್ಲಿರುವ ಸಂಗತಿಗಳನ್ನು ಮುಂದಿಡಿ, ಆಯ್ಕೆಗಳನ್ನು ಕೊಡಿ, ಹಣದ ಮಾತು ಬರಬಾರದು, ಶೀರ್ಷಿಕೆಯೂ ಉತ್ತರದ ಕಡೆ ವಾಲಬಾರದು. ಮಾದರಿ ಒಂದು:

‘ರೋಗಿಗೆ ಎಡ ಸ್ತನದ ಕ್ಯಾನ್ಸರ್. ಡೋಸಿಟ್ಯಾಕ್ಸೆಲ್, ಸೈಕ್ಲೋಫಾಸ್ಫಮೈಡ್‌ನ 3 ಸೈಕಲ್ ಮುಗಿದಿವೆ. ಕೀಮೋಗೆ ಮೊದಲು ಹಿಮೋಗ್ಲೋಬಿನ್ 12.4, 2ನೇ ಸೈಕಲ್‌ನ ನಂತರ 9.9, ಈಗ 7.6. ಎಂಸಿವಿ 91, ಫೆರಿಟಿನ್ 310, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ. 28, ಕ್ರಿಯಾಟಿನಿನ್ 0.8. ರಕ್ತಸ್ರಾವದ ಉಲ್ಲೇಖವಿಲ್ಲ. ಈ ದಿನ 1 ಯೂನಿಟ್ ಕೆಂಪು ರಕ್ತಕಣ ಕೊಡಲಾಗಿದೆ. ನೋಟ್‌ನಲ್ಲಿ “ರಕ್ತಹೀನತೆ” ಎಂದಷ್ಟೇ ಇದೆ. ನಿಮ್ಮ ವೈದ್ಯಕೀಯ ತೀರ್ಮಾನದ ಪ್ರಕಾರ ಇದರ ಕಾರಣ ಅಥವಾ ಕಾರಣಗಳನ್ನು ದಾಖಲಿಸಿ: ಕೀಮೋಥೆರಪಿಯಿಂದ, ಕ್ಯಾನ್ಸರ್ ಕಾಯಿಲೆಯಿಂದ, ಇವೆರಡರಿಂದಲೂ, ಬೇರೆ ಕಾರಣ (ವಿವರಿಸಿ), ಹೇಳಲು ಸಾಧ್ಯವಿಲ್ಲ.’

ಕೊನೆಯ ಎರಡು ಆಯ್ಕೆಗಳನ್ನು ಬಿಡಲೇಬೇಡಿ. ಉತ್ತರ ಬಂದ ಮೇಲೆ ಅದು ಚಾರ್ಟ್‌ನ ಭಾಗವಾಗಬೇಕು: ಅಡೆಂಡಮ್ (ನಂತರ ಸೇರಿಸಿದ ಟಿಪ್ಪಣಿ) ಆಗಿ, ಬರೆದ ದಿನದ ತಾರೀಖು ಮತ್ತು ಡಾಕ್ಟರ ಸಹಿಯೊಂದಿಗೆ. ಹಳೆಯ ನೋಟ್ ತಿದ್ದಿ ಹಿಂದಿನ ತಾರೀಖು ಉಳಿಸಿಕೊಂಡರೆ ಇಡೀ ಚಾರ್ಟ್ ಮೇಲೆ ಅನುಮಾನ ಬರುತ್ತದೆ. ಫೋನ್‌ನಲ್ಲಿ ಡಾಕ್ಟರು ಹೇಳಿದರು ಎಂದು ಕೋಡರ್ ಬರೆದುಕೊಂಡ ಚೀಟಿ ದಾಖಲೆಯೇ ಅಲ್ಲ.

ಮೂರನೆಯ ತಪಾಸಣೆ: ಮೊದಲ ಸಾಲಿನ ಕೋಡ್

ಕೋಡ್‌ಗಳೆಲ್ಲ ಸರಿ ಇದ್ದೂ ಕ್ಲೇಮ್ ಮರಳಿದರೆ ಕ್ರಮ ನೋಡಿ. ಮಾರ್ಗಸೂಚಿಯ ನಿಯೋಪ್ಲಾಸಂ (ಗೆಡ್ಡೆ, ಕ್ಯಾನ್ಸರ್) ಅಧ್ಯಾಯದಲ್ಲಿ ಎರಡು ನಿಯಮಗಳು ಒಂದರ ಪಕ್ಕ ಒಂದಿವೆ, ದಿಕ್ಕು ಮಾತ್ರ ತದ್ವಿರುದ್ಧ.

ರೋಗಿ ಬಂದಿರುವುದು ಕೀಮೋದಿಂದಾದ ರಕ್ತಹೀನತೆಗೆ, ಕೊಟ್ಟ ಚಿಕಿತ್ಸೆ ಅದಕ್ಕೆ ಮಾತ್ರ ಎಂದಾದರೆ ರಕ್ತಹೀನತೆಯ ಕೋಡ್ ಮೊದಲು, ಆಮೇಲೆ ಕ್ಯಾನ್ಸರ್ ಮತ್ತು ಅಡ್ಡಪರಿಣಾಮದ ಕೋಡ್. ಮೇಲಿನ ಮಾದರಿಯ ಮಹಿಳೆ ಬರೀ ರಕ್ತ ಹಾಕಿಸಿಕೊಂಡು ಹೋಗಲು ಬಂದಿದ್ದು, ಗೆಡ್ಡೆ ಸ್ತನದ ಮೇಲಿನ ಹೊರ ಭಾಗದಲ್ಲಿದ್ದರೆ: ಡಿ64.81, ಸಿ50.412 (ಕ್ಯಾನ್ಸರ್), ಟಿ45.1ಎಕ್ಸ್5ಎ (ಔಷಧದ ಅಡ್ಡಪರಿಣಾಮ).

ಕ್ಯಾನ್ಸರ್‌ನಿಂದಲೇ ಬಂದ ರಕ್ತಹೀನತೆಯಾದರೆ, ಚಿಕಿತ್ಸೆ ರಕ್ತಹೀನತೆಗೆ ಮಾತ್ರ ಆಗಿದ್ದರೂ ಕ್ಯಾನ್ಸರ್ ಮೊದಲು, ಡಿ63.0 ನಂತರ. ಡಿ63.0ರ ಅಡಿಯಲ್ಲೇ ‘ನಿಯೋಪ್ಲಾಸಂ ಅನ್ನು ಮೊದಲು ಕೋಡ್ ಮಾಡಿ’ ಎಂಬ ಸೂಚನೆ ಇದೆ. ಡಿ63.0 ಮೊದಲ ಸಾಲಿನಲ್ಲಿದ್ದ ಕ್ಲೇಮ್ ಎಡಿಟ್‌ನಲ್ಲೇ (ಕಂಪ್ಯೂಟರ್ ತಪಾಸಣೆಯಲ್ಲೇ) ನಿಲ್ಲುತ್ತದೆ.

ಎರಡೂ ಕಾರಣಗಳು ದಾಖಲಾಗಿದ್ದರೆ? ಡಿ64.81, ಕ್ಯಾನ್ಸರ್ ಕೋಡ್, ಡಿ63.0, ಟಿ45.1ಎಕ್ಸ್5ಎ ಎಂದು ಇಟ್ಟರೆ ಎರಡೂ ಸೂಚನೆಗಳು ಉಳಿಯುತ್ತವೆ. ಮುಖ್ಯ ಕಾರಣ ಕ್ಯಾನ್ಸರ್ ಎಂದು ಡಾಕ್ಟರು ಬರೆದಿದ್ದರೆ ಮಾತ್ರ ಕ್ಯಾನ್ಸರ್ ಕೋಡನ್ನು ಮೇಲಕ್ಕೆ ತನ್ನಿ.

ಕೀಮೋಗೆಂದೇ ಬಂದು, ಅವತ್ತಿನ ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆ ಕಂಡು, ಕೀಮೋವನ್ನೂ ಕೊಟ್ಟಿದ್ದರೆ ಮೊದಲ ಸಾಲು ಝಡ್51.11 (ಕೀಮೋಗಾಗಿ ಬಂದ ಭೇಟಿ). ಆಮೇಲೆ ಕ್ಯಾನ್ಸರ್, ಡಿ64.81, ಟಿ45.1ಎಕ್ಸ್5ಎ. ಇಲ್ಲಿ ಡಿ64.81ನ್ನು ಮೇಲೆ ಇಡುವುದು ಬಹಳ ಕಾಣುವ ತಪ್ಪು. ನ್ಯುಮೋನಿಯಾಗೆ ದಾಖಲಾದ ರೋಗಿಯಲ್ಲಿ ಕೀಮೋ ರಕ್ತಹೀನತೆ ಎರಡನೆಯ ಡಯಾಗ್ನೋಸಿಸ್. ಅದನ್ನು ಗಮನಿಸಿದ, ಪರೀಕ್ಷಿಸಿದ ಅಥವಾ ಚಿಕಿತ್ಸೆ ಕೊಟ್ಟ ದಾಖಲೆ ಇದ್ದರೆ ಮಾತ್ರ ಸೇರಿಸಿ.

ರೇಡಿಯೇಷನ್‌ನಿಂದ ಬಂದ ರಕ್ತಹೀನತೆಗೂ ಕ್ರಮ ಇದೇ, ರಕ್ತಹೀನತೆ ಮೊದಲು. ಆದರೆ ಕೊನೆಯಲ್ಲಿ ಟಿ45 ಬದಲು ವೈ84.2 (ರೇಡಿಯೇಷನ್‌ನ ಪರಿಣಾಮ). ಕೀಮೋ, ರೇಡಿಯೇಷನ್ ಒಟ್ಟಿಗೆ ನಡೆದಿದ್ದು ಡಾಕ್ಟರು ಎರಡನ್ನೂ ಕಾರಣ ಎಂದಿದ್ದರೆ ಎರಡೂ ಬೇಕು.

ಕ್ಯಾನ್ಸರ್ ಕೋಡ್ ಆರಿಸುವಾಗಲೂ ಒಂದು ಗುಂಡಿ ಇದೆ. ಗೆಡ್ಡೆ ತೆಗೆದಾಗಿದೆ, ಈಗ ಕೊಡುತ್ತಿರುವುದು ಅಡ್ಜುವೆಂಟ್ ಕೀಮೋ (ಶಸ್ತ್ರಚಿಕಿತ್ಸೆಯ ನಂತರದ ಕೀಮೋ) ಎಂದಿದ್ದರೆ ಕೆಲವರು ಝಡ್85 (ಹಿಂದೆ ಕ್ಯಾನ್ಸರ್ ಇತ್ತು) ಹಾಕುತ್ತಾರೆ. ಆ ಜಾಗಕ್ಕೆ ಗುರಿಯಿಟ್ಟ ಚಿಕಿತ್ಸೆ ಮುಗಿಯುವವರೆಗೂ ಸಿ ಅಧ್ಯಾಯದ ಕೋಡೇ ಇರಬೇಕು. ಚಿಕಿತ್ಸೆ ಮುಗಿದು, ಕ್ಯಾನ್ಸರ್ ಉಳಿದಿಲ್ಲ ಎಂಬ ದಾಖಲೆ ಬಂದ ಮೇಲೆ ಝಡ್85 ವರ್ಗದ ಕೋಡ್, ಜೊತೆಗೆ ಝಡ್92.21 (ಹಿಂದೆ ಕೀಮೋ ಆಗಿದೆ).

ನಾಲ್ಕನೆಯ ತಪಾಸಣೆ: ಟಿ45.1ಎಕ್ಸ್5ಎ

ಡಿ64.81 ಇದ್ದು ಟಿ45 ಇಲ್ಲದ ಕ್ಲೇಮ್‌ಗಳು ಸಾಕಷ್ಟು ಸಿಗುತ್ತವೆ. ‘ಕೋಡ್‌ನ ಹೆಸರಿನಲ್ಲೇ ಕೀಮೋ ಇದೆಯಲ್ಲ, ಮತ್ತೆ ಯಾಕೆ’ ಎಂದು ಬಿಟ್ಟಿರುತ್ತಾರೆ. ಮಾರ್ಗಸೂಚಿ ಅದನ್ನು ಹೆಸರಿಸಿಯೇ ಕೇಳುತ್ತದೆ.

ಇದ್ದೂ ತಪ್ಪಾಗುವುದು ಅಕ್ಷರಗಳಲ್ಲಿ. ಐದನೆಯ ಸ್ಥಾನದ ಎಕ್ಸ್ ಜಾಗ ತುಂಬುವ ಅಕ್ಷರ. ಅದನ್ನು ಬಿಟ್ಟರೆ ಅಥವಾ 5ರ ನಂತರ ಹಾಕಿದರೆ ಕೋಡ್ ಅಮಾನ್ಯ. ಆರನೆಯ ಸ್ಥಾನದ 5 ಎಂದರೆ ಸರಿಯಾದ ಔಷಧ, ಸರಿಯಾದ ಪ್ರಮಾಣ, ಆದರೂ ಆದ ಅಡ್ಡಪರಿಣಾಮ. 1 ಎಂದರೆ ತಪ್ಪಿ ಆದ ವಿಷಪ್ರಾಶನ, 6 ಎಂದರೆ ಬೇಕಾದದ್ದಕ್ಕಿಂತ ಕಡಿಮೆ ತೆಗೆದುಕೊಂಡದ್ದು. ಡ್ರಾಪ್‌ಡೌನ್ ಪಟ್ಟಿಯಲ್ಲಿ 1 ಮೊದಲು ಬರುವುದರಿಂದ ಅದನ್ನೇ ಆರಿಸಿಬಿಟ್ಟ ಚಾರ್ಟ್‌ಗಳಿವೆ. ಆಗ ಕ್ರಮದ ನಿಯಮವೇ ತಿರುಗಿಬೀಳುತ್ತದೆ, ಯಾಕೆಂದರೆ ವಿಷಪ್ರಾಶನದಲ್ಲಿ ಟಿ ಕೋಡ್ ಮೊದಲು ಬರಬೇಕು.

ಏಳನೆಯ ಅಕ್ಷರದ ಗೊಂದಲ ಇನ್ನೂ ಹಳೆಯದು. ಎ ಎಂದರೆ ಮೊದಲ ಭೇಟಿ ಅಲ್ಲ, ಆ ತೊಂದರೆಗೆ ಸಕ್ರಿಯ ಚಿಕಿತ್ಸೆ ನಡೆಯುತ್ತಿರುವ ಪ್ರತಿ ಭೇಟಿ. ನಾಲ್ಕನೆಯ ಸಲ ರಕ್ತ ಹಾಕಿಸಿಕೊಳ್ಳಲು ಬಂದಾಗಲೂ ಎ. ಚಿಕಿತ್ಸೆ ಮುಗಿದು ಚೇತರಿಕೆಯನ್ನು ನೋಡಲು ಮಾತ್ರ ಬಂದಾಗ ಡಿ.

ಔಷಧ ಯಾವ ಗುಂಪಿನದು ಎಂಬುದನ್ನು ಔಷಧ ಪಟ್ಟಿಯಲ್ಲಿ ನೋಡಿಯೇ ಹಾಕಿ. ಸಿಸ್‌ಪ್ಲಾಟಿನ್, ಡೋಸಿಟ್ಯಾಕ್ಸೆಲ್‌ಗೆ ಟಿ45.1ಎಕ್ಸ್5 ಸರಿ. ಟ್ಯಾಮಾಕ್ಸಿಫೆನ್, ಫ್ಲೂಟಮೈಡ್‌ನಂಥ ಹಾರ್ಮೋನು ತಡೆಯುವ ಮಾತ್ರೆಗಳು ಟಿ38.6ಎಕ್ಸ್5ಕ್ಕೆ ಸೇರುತ್ತವೆ, ಅವು ಕೀಮೋಥೆರಪಿಯೂ ಅಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನು ತಡೆ ಚಿಕಿತ್ಸೆ ಪಡೆಯುವವರಲ್ಲಿ ಹಿಮೋಗ್ಲೋಬಿನ್ ಇಳಿಯುವುದು ಗೊತ್ತಿರುವ ಸಂಗತಿ. ಆ ಚಾರ್ಟ್‌ಗಳಿಗೆ ಡಿ64.81 ಹಾಕಿದರೆ ತಪ್ಪು. ಒಲಾಪರಿಬ್‌ನಂಥ ಮಾತ್ರೆಗಳಿಂದ ರಕ್ತಹೀನತೆ ಬಂದಾಗ ‘ಕೀಮೋ’ ಎಂಬ ಪದ ನೋಟ್‌ನಲ್ಲಿ ಇರುವುದಿಲ್ಲ. ಅಲ್ಲಿ ಊಹಿಸದೆ ಡಾಕ್ಟರನ್ನೇ ಕೇಳುವುದು ಒಳ್ಳೆಯದು.

ಇಂಜೆಕ್ಷನ್ ಕ್ಲೇಮ್ ಡಿನೈ ಆದಾಗ

ಎರಿಥ್ರೊಪೊಯಿಟಿನ್ ಗುಂಪಿನ ಇಂಜೆಕ್ಷನ್‌ಗಳು ದುಬಾರಿ. ಅವುಗಳ ಮೇಲೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕಣ್ಣು 2007ರಿಂದ, ಅಂದರೆ ರಾಷ್ಟ್ರೀಯ ಕವರೇಜ್ ನಿರ್ಧಾರ 110.21 ಬಂದಾಗಿನಿಂದ, ಬಿಗಿಯಾಗಿದೆ. ಡಯಾಗ್ನೋಸಿಸ್ ಸರಿ ಇದ್ದೂ ಇಲ್ಲಿ ಬೀಳುವ ಕ್ಲೇಮ್‌ಗಳಿಗೆ ಕೆಳಗಿನ ಕ್ರಮದಲ್ಲಿ ಕಾರಣ ಹುಡುಕಿ.

ಮಾಡಿಫೈಯರ್ (ಕೋಡ್‌ಗೆ ಸೇರಿಸುವ ಎರಡಕ್ಷರದ ಗುರುತು) ಇದೆಯೇ? ಡಯಾಲಿಸಿಸ್‌ಗೆ ಸಂಬಂಧಿಸದ ಈ ಇಂಜೆಕ್ಷನ್‌ಗಳಿಗೆ ಮೂರರಲ್ಲಿ ಒಂದು ಕಡ್ಡಾಯ: ಕೀಮೋದಿಂದ ಬಂದ ರಕ್ತಹೀನತೆಗೆ ಇಎ, ರೇಡಿಯೇಷನ್‌ನಿಂದ ಬಂದದ್ದಕ್ಕೆ ಇಬಿ, ಎರಡೂ ಅಲ್ಲದ್ದಕ್ಕೆ ಇಸಿ. ಇಎ ಹಾಕಿ ಡಯಾಗ್ನೋಸಿಸ್‌ನಲ್ಲಿ ಡಿ63.0 ಮಾತ್ರ ಇದ್ದರೆ ಕ್ಲೇಮ್ ತನ್ನನ್ನು ತಾನೇ ಅಲ್ಲಗಳೆದಂತೆ. ರೇಡಿಯೇಷನ್ ಒಂದರಿಂದಲೇ ಬಂದ ರಕ್ತಹೀನತೆಗಾಗಲಿ, ಚಿಕಿತ್ಸೆಗೆ ಸಂಬಂಧವಿಲ್ಲದೆ ಕ್ಯಾನ್ಸರ್‌ನಿಂದಲೇ ಬಂದದ್ದಕ್ಕಾಗಲಿ ಈ ನಿರ್ಧಾರದಡಿ ಹಣ ಸಿಗುವುದಿಲ್ಲ. ಅದನ್ನು ಪಡೆಯಲು ಇಎ ಎಂದು ಬದಲಿಸುವುದು ತಿದ್ದುಪಡಿ ಅಲ್ಲ, ಸುಳ್ಳು ಕ್ಲೇಮ್.

ಹಿಮೋಗ್ಲೋಬಿನ್ ಅಥವಾ ಹೆಮಟೋಕ್ರಿಟ್‌ನ (ರಕ್ತದಲ್ಲಿ ಕೆಂಪು ಕಣದ ಪಾಲು) ಇತ್ತೀಚಿನ ಅಂಕಿ ಕ್ಲೇಮ್ ಮೇಲೆ ಇದೆಯೇ? 2008ರ ಜನವರಿಯಿಂದ ಇದು ಕಡ್ಡಾಯ. ಆಸ್ಪತ್ರೆಯ ಕ್ಲೇಮ್‌ನಲ್ಲಿ ಹಿಮೋಗ್ಲೋಬಿನ್‌ಗೆ ವ್ಯಾಲ್ಯೂ ಕೋಡ್ 48, ಹೆಮಟೋಕ್ರಿಟ್‌ಗೆ 49.

ಅಂಕಿ ಮಿತಿಯೊಳಗಿದೆಯೇ? ಶುರು ಮಾಡುವ ಮುನ್ನ ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇರಬೇಕು. 4 ವಾರದ ನಂತರ 1 ಗ್ರಾಂ ಏರಿಕೆಯೂ ಇಲ್ಲದಿದ್ದರೆ ಪ್ರಮಾಣವನ್ನು ಒಮ್ಮೆ ಶೇ. 25 ಹೆಚ್ಚಿಸಬಹುದು, 8 ವಾರವಾದರೂ ಏರದಿದ್ದರೆ ಮುಂದುವರಿಸಲು ಸಮರ್ಥನೆ ಇಲ್ಲ. ಒಂದು ಕೀಮೋ ಕೋರ್ಸ್‌ನ ಕೊನೆಯ ಡೋಸ್ ಆದ ನಂತರದ 8 ವಾರದವರೆಗೆ ಮಾತ್ರ ಅವಕಾಶ. ಆದ್ದರಿಂದ ಕೊನೆಯ ಕೀಮೋ ಡೋಸ್‌ನ ತಾರೀಖು ನೋಟ್‌ನಲ್ಲಿ ಇಲ್ಲದಿದ್ದರೆ ಆ ಕ್ಲೇಮ್‌ಗೆ ಆಧಾರವೇ ಇಲ್ಲ. ಎಎಂಎಲ್, ಸಿಎಂಎಲ್ (ಎರಡು ಬಗೆಯ ರಕ್ತ ಕ್ಯಾನ್ಸರ್) ಚಿಕಿತ್ಸೆಯಲ್ಲಿ ಬಂದ ರಕ್ತಹೀನತೆ, ಹಿಡಿತಕ್ಕೆ ಬಾರದ ರಕ್ತದೊತ್ತಡ, ರಕ್ತಹೀನತೆ ಬರದಂತೆ ಮುಂಜಾಗ್ರತೆಗೆ ಕೊಟ್ಟದ್ದು, ಕಬ್ಬಿಣ, ಬಿ12, ಫೋಲೇಟ್ ಕೊರತೆ ಅಥವಾ ರಕ್ತಸ್ರಾವದಿಂದ ಬಂದದ್ದು — ಇವೆಲ್ಲ ಕವರೇಜ್‌ನ ಹೊರಗೆ.

ಯೂನಿಟ್ ಲೆಕ್ಕ ಸರಿಯೇ? ಜೆ0885 ಎಂದರೆ ಎಪೊಯಿಟಿನ್ ಆಲ್ಫಾ 1,000 ಯೂನಿಟ್. ರೋಗಿಗೆ 40,000 ಕೊಟ್ಟಿದ್ದರೆ ಕ್ಲೇಮ್‌ನಲ್ಲಿ 40. ಅದರ ಬಯೋಸಿಮಿಲರ್ (ಅದನ್ನೇ ಹೋಲುವ ಜೈವಿಕ ಔಷಧ) ಕ್ಯೂ5106ಕ್ಕೂ ಇದೇ ಲೆಕ್ಕ. ಜೆ0881 ಎಂದರೆ ಡಾರ್ಬೆಪೊಯಿಟಿನ್ 1 ಮೈಕ್ರೋಗ್ರಾಂ, ಆದ್ದರಿಂದ 200 ಮೈಕ್ರೋಗ್ರಾಂಗೆ 200. ಡಯಾಲಿಸಿಸ್ ರೋಗಿಗಳ ಕೋಡ್‌ಗಳಾದ ಜೆ0882, ಕ್ಯೂ4081, ಕ್ಯೂ5105 ಪಟ್ಟಿಯಲ್ಲಿ ಪಕ್ಕದಲ್ಲೇ ಇರುತ್ತವೆ, ಕೈತಪ್ಪಿ ಬಂದುಬಿಡುತ್ತವೆ. ಒಂದೇ ಸಲ ಬಳಸುವ ವಯಲ್‌ನಲ್ಲಿ ಉಳಿದದ್ದನ್ನು ಎಸೆದಿದ್ದರೆ ಆ ಭಾಗಕ್ಕೆ ಪ್ರತ್ಯೇಕ ಸಾಲಿನಲ್ಲಿ ಜೆಡಬ್ಲ್ಯೂ ಮಾಡಿಫೈಯರ್. ಏನೂ ಉಳಿಯದಿದ್ದರೆ ಜೆಝಡ್, 2023ರ ಜುಲೈ 1ರಿಂದ ಇದೂ ಕಡ್ಡಾಯ. ಚರ್ಮದಡಿ ಚುಚ್ಚಿದ್ದಕ್ಕೆ 96372.

ರಕ್ತ ಹಾಕಿದ ಕ್ಲೇಮ್‌ನಲ್ಲಿ ತೊಂದರೆ ಕಡಿಮೆ. ರಕ್ತ ಹಾಕುವ ಕೆಲಸದ ಕೋಡ್ 36430 ದಿನಕ್ಕೆ ಒಂದೇ ಸಲ, ಎರಡು ಯೂನಿಟ್ ಕೊಟ್ಟಿದ್ದರೂ. ರಕ್ತದ ಉತ್ಪನ್ನದ ಕೋಡ್, ಉದಾಹರಣೆಗೆ ಬಿಳಿ ಕಣ ತೆಗೆದ ಕೆಂಪು ಕಣಕ್ಕೆ ಪಿ9016, ಯೂನಿಟ್‌ಗೆ ಒಂದರಂತೆ. ಇನ್‌ಪೇಷಂಟ್ ಆದರೆ ಪಿಸಿಎಸ್ (ಚಿಕಿತ್ಸಾ ವಿಧಾನದ) ಕೋಡ್: ಕೈಯ ರಕ್ತನಾಳದಿಂದ ಕೊಟ್ಟರೆ 30233ಎನ್1, ಸೆಂಟ್ರಲ್ ಲೈನ್‌ನಿಂದಾದರೆ 30243ಎನ್1. ಕೀಮೋ ಪೋರ್ಟ್ ಇರುವ ರೋಗಿಗಳಲ್ಲಿ ಯಾವ ದಾರಿಯಿಂದ ಕೊಟ್ಟರು ಎಂದು ನರ್ಸ್ ದಾಖಲೆಯಲ್ಲಿ ನೋಡಿ ಹಾಕಿ.

ಇಲ್ಲಿನ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿದ್ದರೆ

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಬಳಸುವಲ್ಲಿ ಡಿ64.81 ಇಲ್ಲ, ಇರುವುದು ಡಿ64.8 ಮಾತ್ರ. ಅಡ್ಡಪರಿಣಾಮವನ್ನು ಟಿ45ರಿಂದಲ್ಲ, ವೈ43ರಿಂದ ಸೂಚಿಸಬೇಕು: ಆಂಟಿಮೆಟಬೊಲೈಟ್‌ಗಳಿಗೆ ವೈ43.1, ನೈಸರ್ಗಿಕ ಮೂಲದವುಗಳಿಗೆ ವೈ43.2, ಉಳಿದ ಕ್ಯಾನ್ಸರ್ ಔಷಧಗಳಿಗೆ ವೈ43.3. ಡಿ63.0 ಅಲ್ಲಿ ನಕ್ಷತ್ರ ಗುರುತಿನ ಕೋಡ್, ಒಂಟಿಯಾಗಿ ನಿಲ್ಲುವುದಿಲ್ಲ. ಅಮೆರಿಕದ ಕೆಲಸ ಮಾಡಿ ಬಂದವರು ಇಲ್ಲಿನ ಸಾಫ್ಟ್‌ವೇರ್‌ನಲ್ಲಿ ಡಿ64.81 ಸಿಗಲಿಲ್ಲವೆಂದು ಡಿ64.9 (ಕಾರಣ ಹೇಳದ ರಕ್ತಹೀನತೆ) ಹಾಕಿದರೆ ಕಾರಣದ ಮಾಹಿತಿಯೇ ಕಳೆದುಹೋಗುತ್ತದೆ.

ಸರಿಪಡಿಸಿ ಮರಳಿ ಕಳಿಸುವಾಗ

ರಿಜೆಕ್ಟ್ ಮತ್ತು ಡಿನೈ ಬೇರೆ ಬೇರೆ. ಪೇಯರ್ ಪರಿಶೀಲನೆಗೆ ತೆಗೆದುಕೊಳ್ಳದೆ ಮರಳಿಸಿದ ಕ್ಲೇಮನ್ನು ತಿದ್ದಿ ಹೊಸದಾಗಿ ಕಳಿಸಿದರೆ ಸಾಕು. ಪರಿಶೀಲಿಸಿ ಡಿನೈ ಮಾಡಿದ್ದನ್ನು ಹಾಗೆಯೇ ಮತ್ತೆ ಕಳಿಸಿದರೆ ಡುಪ್ಲಿಕೇಟ್ ಎಂದು ಮತ್ತೆ ಬೀಳುತ್ತದೆ. ಖಾಸಗಿ ಪೇಯರ್‌ಗಳಲ್ಲಿ ಹೆಚ್ಚಿನವರು ಫ್ರೀಕ್ವೆನ್ಸಿ ಕೋಡ್ 7 (ಹಳೆಯ ಕ್ಲೇಮ್‌ನ ಬದಲಿಗೆ ಇದು ಎಂಬ ಗುರುತು) ಮತ್ತು ಮೂಲ ಕ್ಲೇಮ್ ಸಂಖ್ಯೆ ಕೇಳುತ್ತಾರೆ. ಮೆಡಿಕೇರ್ ಪಾರ್ಟ್ ಬಿಯ ಡಾಕ್ಟರ ಸೇವೆಯ ಕ್ಲೇಮ್‌ಗಳಲ್ಲಿ ಆ ದಾರಿ ಇಲ್ಲ. ಮಾಡಿಫೈಯರ್ ಬಿಟ್ಟುಹೋಗಿದ್ದು, ಅಂಕಿ ತಪ್ಪಿದ್ದು ಮುಂತಾದ ಸಣ್ಣ ತಪ್ಪಿಗೆ ರೀಓಪನಿಂಗ್ (ನಿರ್ಧಾರವನ್ನು ಮತ್ತೆ ತೆರೆಸುವ ಕೋರಿಕೆ); ವೈದ್ಯಕೀಯ ಅಗತ್ಯವನ್ನೇ ಪ್ರಶ್ನಿಸಿದ್ದರೆ ಮೊದಲ ಹಂತದ ಅಪೀಲು, ನಿರ್ಧಾರ ಕೈಸೇರಿದ 120 ದಿನದೊಳಗೆ. ಅಪೀಲಿನ ಜೊತೆ ಕೀಮೋಗೆ ಮೊದಲಿನ ಮತ್ತು ಈಗಿನ ಹಿಮೋಗ್ಲೋಬಿನ್ ವರದಿ, ಕೀಮೋ ಕೊಟ್ಟ ತಾರೀಖುಗಳು, ಕಾರಣ ಹೇಳುವ ಸಹಿ ಮಾಡಿದ ನೋಟ್ ಅಥವಾ ಅಡೆಂಡಮ್, ಇಂಜೆಕ್ಷನ್ ಕೊಟ್ಟ ದಾಖಲೆ ಇರಲಿ.

ಒಬ್ಬರೇ ಡಾಕ್ಟರ ಚಾರ್ಟ್‌ಗಳು ಇದೇ ಕಾರಣಕ್ಕೆ ಮರಳಿ ಬರುತ್ತಿದ್ದರೆ ಕ್ವೆರಿ ಮೇಲೆ ಕ್ವೆರಿ ಕಳಿಸುವ ಬದಲು ಅವರ ನೋಟ್ ಟೆಂಪ್ಲೇಟ್‌ಗೆ ಐದು ಖಾಲಿ ಜಾಗ ಸೇರಿಸಲು ಕೇಳಿ: ರಕ್ತಹೀನತೆ ಇದೆಯೇ, ಕಾರಣ ಏನು, ಔಷಧದ ಹೆಸರು ಮತ್ತು ಕೊನೆಯ ಡೋಸ್‌ನ ತಾರೀಖು, ಕೀಮೋಗೆ ಮೊದಲು ಮತ್ತು ಈಗ ಹಿಮೋಗ್ಲೋಬಿನ್ ಎಷ್ಟು, ಈ ಭೇಟಿಯಲ್ಲಿ ಮಾಡಿದ್ದೇನು. ಕಾರಣದ ಜಾಗ ಮೊದಲೇ ತುಂಬಿ ಬರದಂತೆ ಖಾಲಿ ಇರಲಿ. ತಾನಾಗಿ ತುಂಬಿಕೊಂಡ ಉತ್ತರ ಎಲ್ಲ ಚಾರ್ಟ್‌ಗಳಲ್ಲೂ ಒಂದೇ ಆಗಿ ಕಂಡರೆ ಆಡಿಟರ್ ಅದನ್ನು ಡಾಕ್ಟರ ತೀರ್ಮಾನ ಎಂದು ಒಪ್ಪುವುದಿಲ್ಲ.